ಚಂದ್ರಗಿರಿ ಹೊಳೆಯ ಆಮೆ ಮತ್ತು ಕಾಲೇಜಿನ ಪ್ರಾಜೆಕ್ಟ್: ವನ್ಯಜೀವಿ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳಿಗೆ ಏನುಂಟು?

ಕಾಸರಗೋಡಿನಿಂದ ಚೆಮ್ನಾಡು ಕಡೆಗೆ ಹೋಗುವ ಬಸ್ಸುಗಳು ದಿನವೂ ಚಂದ್ರಗಿರಿ ಸೇತುವೆ ದಾಟುತ್ತವೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು ಇಲ್ಲಿಗೆ ಬರುವ ಈ ಹೊಳೆಯಲ್ಲಿ ಜಗತ್ತಿನ ಅತಿ ಅಪರೂಪದ ಸಿಹಿನೀರಿನ ಆಮೆಗಳಲ್ಲಿ ಒಂದು ಬದುಕುತ್ತಿದೆ ಎಂಬುದು ಸೇತುವೆ ದಾಟುವ ಹೆಚ್ಚಿನವರಿಗೆ ಗೊತ್ತಿಲ್ಲ. ಕ್ಯಾಂಟರ್ಸ್ ಜಯಂಟ್ ಸಾಫ್ಟ್‌ಶೆಲ್ ಅಂತ ಅದರ ಹೆಸರು. ಮಲಯಾಳದಲ್ಲಿ ಭೀಮನಾಮ ಅಥವಾ ಪಾಲಪ್ಪೂವನ್. ಮೀಟರ್ ಉದ್ದಕ್ಕೆ ಬೆಳೆಯಬಲ್ಲದು, ತೂಕ ನೂರು ಕಿಲೋ ಮುಟ್ಟುವುದೂ ಉಂಟು. ಆದರೂ ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ಅದು ಬದುಕಿನ ಶೇ. 95ರಷ್ಟು ಸಮಯವನ್ನು ಹೊಳೆಯ ತಳದ ಹೊಯ್ಗೆಯೊಳಗೆ ಅಲುಗಾಡದೆ ಹುದುಗಿಕೊಂಡು ಕಳೆಯುತ್ತದೆ.

2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತ್ ಇದನ್ನು ಜಿಲ್ಲೆಯ ಅಧಿಕೃತ ಪ್ರಾಣಿ ಎಂದು ಘೋಷಿಸಿತು. ಜೊತೆಗೆ ಕಾಸರಕದ ಮರ, ಬಿಳಿ ಹೊಟ್ಟೆಯ ಕಡಲ ಹದ್ದು ಮತ್ತು ಪೆರಿಯ ಪೊಲತ್ತಾಳಿ ಹೂವಿಗೂ ಆ ಸ್ಥಾನ ಸಿಕ್ಕಿತು. ಆಮೆ ಈ ಮಟ್ಟಕ್ಕೆ ಹೆಸರಾಗಲು ದೊಡ್ಡ ಕಾರಣ ಒಬ್ಬ ಯುವ ಸಂಶೋಧಕಿ. ಹೊರಗಿನಿಂದ ಇಲ್ಲಿಗೆ ಬಂದ ಆಯುಷಿ ಜೈನ್ ಚಂದ್ರಗಿರಿ ದಡದ ಜನರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, ಈ ಆಮೆ ಇಲ್ಲಿ ಮೊಟ್ಟೆ ಇಡುತ್ತದೆ ಎಂಬುದನ್ನು ದಾಖಲಿಸಿದರು. ನೀರಿನಲ್ಲಿ ಮುಳುಗಿದ ಗೂಡುಗಳಿಂದ ಮೊಟ್ಟೆ ಉಳಿಸಿ, ಮರಿಗಳನ್ನು ಹೊಳೆಗೆ ಬಿಡುವ ಕೆಲಸವೂ ನಡೆಯಿತು. ಅಧ್ಯಯನದ ಫಲಿತಾಂಶ 2024ರಲ್ಲಿ ಓರಿಕ್ಸ್ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು.

ಅವರಿಗೆ ಬೆಂಬಲ ಸಿಕ್ಕಿದ್ದು ಲಂಡನ್ನಿನ ಝೂಲಾಜಿಕಲ್ ಸೊಸೈಟಿಯಿಂದ. 1826ರಲ್ಲಿ ಶುರುವಾದ ಈ ದತ್ತಿ ಸಂಸ್ಥೆ 2007ರಿಂದ ಎಡ್ಜ್ ಎಂಬ ಯೋಜನೆ ನಡೆಸುತ್ತಿದೆ. ವಿಕಾಸದ ಮರದಲ್ಲಿ ಹತ್ತಿರದ ನೆಂಟರಿಲ್ಲದೆ ಒಂಟಿಯಾಗಿ ಉಳಿದ, ಅಳಿವಿನ ಅಂಚಿಗೂ ಬಂದ ಜೀವಿಗಳ ಮೇಲೆ ಕೆಲಸ ಮಾಡುವ ಆಯಾ ದೇಶದ ಎಳೆಯ ಸಂಶೋಧಕರಿಗೆ ಅದರ ಫೆಲೋಶಿಪ್ ಹಣ, ತರಬೇತಿ, ಮಾರ್ಗದರ್ಶನ ಕೊಡುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಳೆ ಇಲ್ಲಿಯದ್ದು, ಬಲೆ ಹಾಕುವವರು ಇಲ್ಲಿಯವರು. ಹಾಗಾದರೆ ಮಂಜೇಶ್ವರ, ಉಪ್ಪಳ, ಕುಂಬಳೆ, ಸುಳ್ಯದ ಬಿಎಸ್ಸಿ ಮಕ್ಕಳು ಇಂತಹ ಕೆಲಸದಲ್ಲಿ ಯಾಕೆ ಕಾಣುವುದಿಲ್ಲ? ಆಸಕ್ತಿ ಇಲ್ಲ ಅಂತಲ್ಲ. ಬಾಗಿಲು ಎಲ್ಲಿದೆ, ಯಾರಿಗೆ ಬರೆಯಬೇಕು, ಒಳಗೆ ಹೋದ ಮೇಲೆ ಏನು ಮಾಡಿಸುತ್ತಾರೆ ಎಂಬುದು ಹೆಚ್ಚಿನ ಮನೆಗಳಿಗೆ ತಿಳಿದಿಲ್ಲ, ಅಷ್ಟೇ.

ಮೊದಲು ಹೆಸರುಗಳ ಗೊಂದಲ ಬಿಡಿಸಬೇಕು. ಕಡಲ ದಂಡೆಯಲ್ಲಿ ರಾತ್ರಿ ಆಮೆ ಗೂಡು ಕಾಯಲು ಒಂದು ವಾರ ಹೋಗುವುದು ವಾಲಂಟಿಯರ್ ಕೆಲಸ. ಎರಡು ಮೂರು ತಿಂಗಳು ಸಂಸ್ಥೆಯ ಯೋಜನೆಯಲ್ಲಿ ಸಹಾಯಕರಾಗಿ ದುಡಿಯುವುದು ಇಂಟರ್ನ್‌ಶಿಪ್. ಇವೆರಡಕ್ಕಿಂತ ಬೇರೆ ಇರುವುದು ಸಂಶೋಧನಾ ಪ್ಲೇಸ್‌ಮೆಂಟ್. ಅದರಲ್ಲಿ ವಿದ್ಯಾರ್ಥಿಗೆ ತನ್ನದೇ ಒಂದು ಪ್ರಶ್ನೆ ಇರುತ್ತದೆ, ಕಾಲೇಜಿನಲ್ಲಿ ಒಬ್ಬ ಗೈಡ್, ಸಂಸ್ಥೆಯಲ್ಲಿ ಒಬ್ಬ ಗೈಡ್ ಇರುತ್ತಾರೆ, ಕೊನೆಗೆ ಒಂದು ಪ್ರಬಂಧ ಆಗುತ್ತದೆ. ಎಂಎಸ್ಸಿಯ ಡಿಸರ್ಟೇಶನ್ ಹೆಚ್ಚಾಗಿ ಈ ದಾರಿಯಲ್ಲೇ ನಡೆಯುತ್ತದೆ. ಕೇರಳದಲ್ಲಿ 2024ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಪದವಿಯಲ್ಲಿ ಇಂಟರ್ನ್‌ಶಿಪ್ ಕೂಡ ಪಠ್ಯದ ಭಾಗ. ಆದ್ದರಿಂದ ಈಗ ಇದು ಕಾಡಿನ ಹುಚ್ಚು ಇರುವ ಒಬ್ಬಿಬ್ಬರ ವಿಷಯವಾಗಿ ಉಳಿದಿಲ್ಲ.

ಇನ್ನು ಕೆಲಸ. ಟಿವಿಯಲ್ಲಿ ನೋಡಿದ ಹಾಗೆ ಹುಲಿಗೆ ಮದ್ದಿನ ಸೂಜಿ ಹೊಡೆಯುವುದು ಯಾವ ವಿದ್ಯಾರ್ಥಿಗೂ ಸಿಗುವುದಿಲ್ಲ. ಸಿಗುವುದು ಬೆಳಗ್ಗೆ ಆರಕ್ಕೆ ಗೊತ್ತುಪಡಿಸಿದ ಗೆರೆಯಲ್ಲಿ ನಡೆದು ಕಂಡದ್ದನ್ನು ಬರೆಯುವ ಕೆಲಸ, ಕ್ಯಾಮರಾ ಟ್ರಾಪಿನ ಸಾವಿರಾರು ಚಿತ್ರಗಳಲ್ಲಿ ಖಾಲಿ ಚಿತ್ರ ತೆಗೆದು ಹಾಕುವ ಕೆಲಸ, ಸಂಜೆ ಕೂತು ಎಕ್ಸೆಲ್‌ಗೆ ಅಂಕಿ ತುಂಬುವ ಕೆಲಸ. ಬೇಸರ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆದರೆ ಹೊಯ್ಗೆಯೊಳಗೆ ಅಡಗಿ ಕೂರುವ ಆಮೆಯ ವಿಷಯದಲ್ಲಿ ಈ ಯಾವ ಉಪಾಯವೂ ನಡೆಯುವುದಿಲ್ಲ. ದಡದಲ್ಲಿ ಎಷ್ಟು ನಡೆದರೂ ಅದು ಕಾಣದು. ಅದನ್ನು ಕಂಡವರು ಗಾಳ ಹಾಕುವವರು, ಬಲೆ ಎಳೆಯುವವರು, ದೋಣಿಯವರು, ಹೊಳೆ ಬದಿಯಲ್ಲಿ ಬಟ್ಟೆ ಒಗೆಯುವ ಹೆಂಗಸರು. ಚಂದ್ರಗಿರಿಯ ಅಧ್ಯಯನ ನಿಂತದ್ದೇ ಇದರ ಮೇಲೆ. ಒಬ್ಬರನ್ನು ಮಾತಾಡಿಸಿ, ಅವರು ತೋರಿಸಿದ ಇನ್ನೊಬ್ಬರನ್ನು ಹುಡುಕಿ, ಹೀಗೆ ಜನರಿಂದ ಜನರಿಗೆ ಹೋಗಿ ಹಳೆಯ ಮತ್ತು ಹೊಸ ನೋಟಗಳನ್ನು ಕಲೆಹಾಕುವುದು. ಆಮೆ ಬಲೆಗೆ ಬಿದ್ದಾಗ ಸುದ್ದಿ ಕೊಡುವ ಜಾಲ ಹೀಗೆ ಬೆಳೆಯಿತು.

ಕೇಳುವುದಕ್ಕೆ ಇದು ಸುಲಭ ಅನಿಸಬಹುದು, ಹಾಗಲ್ಲ. ಜನರ ಬಾಯಿಂದ ಮಾಹಿತಿ ಪಡೆಯುವುದಕ್ಕೂ ಶಿಸ್ತು ಉಂಟು. "ನೀವು ಈ ಆಮೆ ನೋಡಿದ್ದೀರಾ?" ಅಂತ ಚಿತ್ರ ತೋರಿಸಿ ಕೇಳಿದರೆ, ಬಂದ ಮಕ್ಕಳಿಗೆ ಬೇಸರ ಆಗಬಾರದು ಅಂತ ಮುದುಕರು ಹೌದು ಅಂದುಬಿಡುತ್ತಾರೆ. ಹಾಗಾಗಿ ನಾಲ್ಕೈದು ಆಮೆಗಳ ಚಿತ್ರ ಇಟ್ಟು, ಅದರಲ್ಲಿ ಈ ಊರಿನಲ್ಲಿ ಇರಲು ಸಾಧ್ಯವೇ ಇಲ್ಲದ ಒಂದನ್ನೂ ಸೇರಿಸಿ, ಯಾವುದನ್ನು ಕಂಡಿದ್ದೀರಿ ಎಂದು ಕೇಳುವ ಕ್ರಮ ಇದೆ. ಇಲ್ಲದ್ದನ್ನೂ ಕಂಡೆ ಎಂದವರ ಉತ್ತರವನ್ನು ಎಚ್ಚರದಿಂದ ಓದಬೇಕು. ಇಸವಿ ಯಾರಿಗೂ ನೆನಪಿರುವುದಿಲ್ಲ. ಮಗಳ ನಿಕಾಹ್‌ಗೆ ಮೊದಲೋ ಆಮೇಲೋ, ದೊಡ್ಡ ನೆರೆ ಬಂದ ವರ್ಷವೋ ಎಂದು ಕೇಳಿದರೆ ನೆನಪು ತಾನೇ ಬಿಚ್ಚಿಕೊಳ್ಳುತ್ತದೆ. ಹೇಳಿದವರ ಒಪ್ಪಿಗೆ ಪಡೆಯಬೇಕು, ಹೆಸರು ಬೇಡ ಎಂದರೆ ಬರೆಯಬಾರದು. ಗೂಡಿನ ಜಾಗದ ಲೊಕೇಶನ್ ಎಲ್ಲಿಯೂ ಹಾಕಬಾರದು, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲೂ.

ಇಲ್ಲಿಯೇ ಗಡಿನಾಡಿನ ಮಕ್ಕಳ ಕೈಯಲ್ಲಿ ಯಾವ ವಿಶ್ವವಿದ್ಯಾನಿಲಯವೂ ಕಲಿಸದ ಒಂದು ಬಂಡವಾಳ ಇರುವುದು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಸುಳ್ಯದಿಂದ ಕಾಸರಗೋಡಿನವರೆಗೆ ಹೊಳೆಯ ಉದ್ದಕ್ಕೂ ದುಭಾಷಿ ಇಲ್ಲದೆ ಮಾತಾಡಬಲ್ಲವರು ಅವರು. ಹೊರಗಿನಿಂದ ಬಂದವರು ವರ್ಷ ಕಳೆದು ಗಳಿಸುವ ನಂಬಿಕೆ "ಯಾರ ಮಗ ನೀನು?" ಎಂಬ ಪ್ರಶ್ನೆಯ ಉತ್ತರದಲ್ಲೇ ಇವರಿಗೆ ಸಿಕ್ಕಿಬಿಡುತ್ತದೆ.

ಆದರೆ ಅದೇ ನಂಬಿಕೆಗೆ ಇನ್ನೊಂದು ಮುಖವೂ ಇದೆ. ಈ ಆಮೆಗೆ ಇರುವ ಅಪಾಯಗಳಲ್ಲಿ ಹೊಯ್ಗೆ ತೆಗೆಯುವುದು, ಬಲೆ ಮತ್ತು ಗಾಳಕ್ಕೆ ಸಿಕ್ಕಿ ಸಾಯುವುದು, ಮಾಂಸಕ್ಕಾಗಿ ಕೊಲ್ಲುವುದು, ಅಣೆಕಟ್ಟುಗಳ ನೀರಿನಲ್ಲಿ ಗೂಡು ಮುಳುಗುವುದು ಎಲ್ಲ ಸೇರಿವೆ. ಹೊಯ್ಗೆಯ ದೋಣಿ ಯಾರದೋ ಅಲ್ಲ, ನೆರೆಮನೆಯವರದ್ದು, ಕೆಲವೊಮ್ಮೆ ಸ್ವಂತ ಮಾವನದ್ದು. ಸಂಶೋಧನೆಗೆಂದು ಕೇಳಿದ ಮಾತು ನಾಳೆ ಪೊಲೀಸ್ ಠಾಣೆಯಲ್ಲಿ ಕಂಡರೆ ಆ ಹುಡುಗನಿಗೆ ಊರಿನಲ್ಲಿ ತಲೆ ಎತ್ತಲು ಆಗದು, ಮತ್ತೆ ಯಾರೂ ಬಾಯಿ ಬಿಡುವುದೂ ಇಲ್ಲ. ಕಣ್ಣೆದುರು ಆಮೆ ಸಾಯುವುದನ್ನು ಕಂಡು ಸುಮ್ಮನಿರುವುದೂ ಸರಿಯಲ್ಲ. ಇದಕ್ಕೆ ಸಿದ್ಧ ಉತ್ತರ ಇಲ್ಲ. ಒಳ್ಳೆಯ ಸಂಸ್ಥೆ ಈ ಮಾತನ್ನು ಕೆಲಸ ಶುರುವಾಗುವ ಮೊದಲೇ ವಿದ್ಯಾರ್ಥಿಯ ಜೊತೆ ಕೂತು ಆಡುತ್ತದೆ: ಯಾವುದನ್ನು ಬರೆಯಬೇಕು, ಯಾವುದನ್ನು ಗೈಡ್‌ಗೆ ಮಾತ್ರ ಹೇಳಬೇಕು, ಇಲಾಖೆಗೆ ಯಾರು ತಿಳಿಸಬೇಕು ಅಂತ. ಇದರ ಬಗ್ಗೆ ಕೇಳಿದಾಗ ಹಾರಿಕೆಯ ಉತ್ತರ ಬಂದರೆ ಆ ಸಂಸ್ಥೆಯನ್ನು ಬಿಡುವುದೇ ಲೇಸು.

ಅನುಮತಿಯ ವಿಷಯ ಹಗುರ ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಸರೀಸೃಪಗಳ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದೂ ಬೇಟೆಯೇ. ಭೀಮನಾಮ ಆ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿದೆ. ಒಳ್ಳೆಯ ಉದ್ದೇಶದಿಂದಲೇ ಒಬ್ಬ ವಿದ್ಯಾರ್ಥಿ ಮೊಟ್ಟೆ ಎತ್ತಿ ಮನೆಗೆ ತಂದರೂ ಅದು ಅಪರಾಧ. ಅಭಯಾರಣ್ಯದೊಳಗೆ ಅಧ್ಯಯನ ಮಾಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಪರವಾನಗಿ ಬೇಕು. ಅದು ಬರಲು ತಿಂಗಳುಗಳೇ ಹಿಡಿಯಬಹುದು, ನಾಲ್ಕು ತಿಂಗಳ ಪ್ರಾಜೆಕ್ಟ್ ಕಾಗದದಲ್ಲೇ ಮುಗಿದು ಹೋಗಬಹುದು. ಆದ್ದರಿಂದ ಈಗಾಗಲೇ ಪರವಾನಗಿ ಇರುವ ಯೋಜನೆಯೊಳಗೆ ಸೇರುವುದು, ಇಲ್ಲವೇ ಪ್ರಾಣಿಯನ್ನು ಮುಟ್ಟದೆ ಜನರ ಸಂದರ್ಶನ, ಹಕ್ಕಿ ಎಣಿಕೆಯಂತಹ ಕೆಲಸ ಆರಿಸುವುದು ಬುದ್ಧಿವಂತಿಕೆ.

ಎಲ್ಲಿಗೆ ಬರೆಯಬಹುದು? ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ 1996ರಿಂದ ಇದೆ. ಆನೆಮಲೆಯ ವಾಲ್ಪಾರೈ ಚಹಾ ತೋಟಗಳ ನಡುವೆ ಅದರ ಸಂಶೋಧನಾ ಕೇಂದ್ರ ಇದೆ. ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರುವಾಸಿ. ಕಡಲು ಮತ್ತು ಮೀನುಗಾರರ ಬದುಕಿನ ಮೇಲೆ ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಕೆಲಸ ಮಾಡುತ್ತದೆ. ಇನ್ನೂ ಹತ್ತಿರ ಬೇಕೆಂದರೆ ನೀಲೇಶ್ವರದ ತೈಕಡಪ್ಪುರಂನಲ್ಲಿ ನೈದಲ್ ಎಂಬ ಊರವರದ್ದೇ ಗುಂಪು ಆಲಿವ್ ರಿಡ್ಲಿ ಕಡಲಾಮೆಗಳ ಮೊಟ್ಟೆ ಕಾಯುತ್ತಾ ಬಂದಿದೆ. ಡಿಗ್ರಿ ಮೊದಲ ವರ್ಷದವರಿಗೆ ದೊಡ್ಡ ಸಂಸ್ಥೆಗಳಲ್ಲಿ ಜಾಗ ಸಿಗುವುದು ಕಷ್ಟ. ಅವರು ಇಂತಹ ಊರಿನ ಗುಂಪಿನಿಂದ, ಇಲ್ಲವೇ ಹಕ್ಕಿ ಎಣಿಕೆಯಿಂದ ಶುರು ಮಾಡುವುದು ಒಳ್ಳೆಯದು. 2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಅಟ್ಲಾಸನ್ನು ಸಾವಿರಕ್ಕೂ ಮಿಕ್ಕಿದ ಹವ್ಯಾಸಿಗಳೇ ಸೇರಿ ಮುಗಿಸಿದರು. ಅಂತಹ ಒಂದು ದಾಖಲೆ ಕೈಯಲ್ಲಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಅರ್ಜಿ ಎಂದರೆ "ನನಗೆ ಪ್ರಾಣಿಗಳೆಂದರೆ ಪ್ರೀತಿ" ಎಂಬ ಒಂದೇ ಪತ್ರವನ್ನು ಇಪ್ಪತ್ತು ಕಡೆಗೆ ಕಳಿಸುವುದಲ್ಲ. ಸಂಸ್ಥೆಯ ಒಂದು ಪ್ರಬಂಧವನ್ನಾದರೂ ಓದಿ, ಅದರಲ್ಲಿ ಹುಟ್ಟಿದ ಒಂದು ಸಣ್ಣ ಪ್ರಶ್ನೆ ಬರೆಯಬೇಕು. ಗೊತ್ತಿರುವ ಭಾಷೆಗಳನ್ನು ಮೊದಲ ಸಾಲಿನಲ್ಲೇ ಹಾಕಬೇಕು. ಇಂಗ್ಲಿಷ್ ತಪ್ಪಾದೀತು ಅಂತ ಹೆದರಿ ಬರೆಯದೆ ಕೂರುವವರೇ ಹೆಚ್ಚು, ಅದು ಬೇಡ.

ಮನೆಯವರ ಮೊದಲ ಪ್ರಶ್ನೆ ಹಣದ್ದು. ಬಾಪ ಗಲ್ಫಿನಿಂದ ಫೋನಿನಲ್ಲಿ ಕೇಳುವುದು, "ಇದರಲ್ಲಿ ಕೆಲಸ ಉಂಟಾ?" ಅಂತ. ಇದ್ದದ್ದು ಇದ್ದ ಹಾಗೆ ಹೇಳುವುದಾದರೆ, ಕೆಲಸ ಉಂಟು, ಆದರೆ ಕಡಿಮೆ. ಶುರುವಿನ ಸಂಬಳವೂ ಸಣ್ಣದು, ಹೆಚ್ಚಿನವು ಯೋಜನೆಯ ಅವಧಿಗೆ ಮಾತ್ರ. ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್, ಬೆಂಗಳೂರಿನ ಎನ್‌ಸಿಬಿಎಸ್, ವಯನಾಡಿನ ಪೂಕೋಡ್‌ನಂತಹ ಕಡೆ ಇದೇ ವಿಷಯದ ಸ್ನಾತಕೋತ್ತರ ಪದವಿಗೆ ಹೋಗುವವರಿಗೆ ಪ್ಲೇಸ್‌ಮೆಂಟಿನ ಅನುಭವ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಪ್ಲೇಸ್‌ಮೆಂಟ್ ಸಮಯದಲ್ಲಿ ಕೆಲವು ಸಂಸ್ಥೆಗಳು ಸ್ಟೈಪೆಂಡ್ ಕೊಡುತ್ತವೆ, ಕೆಲವು ಊಟ ವಸತಿ ಮಾತ್ರ, ಕೆಲವು ಏನೂ ಇಲ್ಲ. ಸ್ವಂತ ಯೋಜನೆ ಕೈಗೆತ್ತಿಕೊಳ್ಳುವ ಮಟ್ಟಕ್ಕೆ ಬಂದವರಿಗೆ ಬ್ರಿಟನ್ನಿನ ರಫರ್ಡ್ ಫೌಂಡೇಶನ್ನಿನ ಸಣ್ಣ ಅನುದಾನ ಇದೆ. ವಿದ್ಯಾರ್ಥಿಯಿಂದಲೇ ದೊಡ್ಡ ಮೊತ್ತ ಕೇಳಿ, ಆನೆಮರಿಗೆ ಹಾಲು ಕುಡಿಸುವ ಫೋಟೋ ತೋರಿಸುವವರ ಬಗ್ಗೆ ಮಾತ್ರ ಎಚ್ಚರ ಬೇಕು. ಅವರು ಮಾರುವುದು ಪ್ರವಾಸ, ಸಂಶೋಧನೆಯನ್ನಲ್ಲ. ಸಂಸ್ಥೆಯ ನೋಂದಣಿ, ಹಿಂದಿನ ವಿದ್ಯಾರ್ಥಿಗಳ ಹೆಸರಿನಲ್ಲಿ ಬಂದ ಪ್ರಬಂಧಗಳು, ಇವೆರಡನ್ನು ನೋಡಿದರೆ ಅರ್ಧ ಸತ್ಯ ಗೊತ್ತಾಗುತ್ತದೆ.

ಹೆಣ್ಮಕ್ಕಳ ವಿಷಯದಲ್ಲಿ ಉಮ್ಮಂದಿರ ಆತಂಕ ಸಹಜ. ಅದನ್ನು ನಕ್ಕು ತಳ್ಳುವ ಬದಲು ಸಂಸ್ಥೆಗೇ ಪ್ರಶ್ನೆ ಹಾಕಬೇಕು: ವಸತಿ ಎಲ್ಲಿ, ಜೊತೆಗೆ ಇನ್ನೊಬ್ಬಳು ಹುಡುಗಿ ಇರುತ್ತಾಳಾ, ಕಿರುಕುಳ ಆದರೆ ದೂರು ಕೇಳುವ ಸಮಿತಿ ಇದೆಯಾ, ರಾತ್ರಿ ಕೆಲಸ ಇದ್ದರೆ ಯಾರು ಕರೆದೊಯ್ಯುತ್ತಾರೆ, ವಿಮೆ ಉಂಟಾ. ಹುಡುಗರ ಮನೆಯವರೂ ಇದನ್ನೇ ಕೇಳಬೇಕು. ಹೊಳೆ ಕೆಲಸದಲ್ಲಿ ಹಠಾತ್ ನೆರೆಯೂ ಇಲಿ ಜ್ವರವೂ ಗಂಡು ಹೆಣ್ಣು ಅಂತ ನೋಡುವುದಿಲ್ಲ.

ಸೇರುವ ಮೊದಲು ಬರಹದಲ್ಲಿ ಪಡೆಯಬೇಕಾದದ್ದು ಇನ್ನೆರಡುಂಟು. ಕಲೆಹಾಕಿದ ಮಾಹಿತಿ ಯಾರದ್ದು, ಅದರಿಂದ ಪ್ರಬಂಧ ಬಂದರೆ ವಿದ್ಯಾರ್ಥಿಯ ಹೆಸರು ಇರುತ್ತದೋ ಇಲ್ಲವೋ. ಇದನ್ನು ಕೊನೆಗೆ ಕೇಳಿದವರು ಪಶ್ಚಾತ್ತಾಪ ಪಟ್ಟಿದ್ದಾರೆ. ಹಾಗೆಯೇ ಮುಗಿದ ಮೇಲೆ ಇಂಗ್ಲಿಷ್ ವರದಿ ಕಾಲೇಜಿನ ಕಪಾಟು ಸೇರಿದರೆ ಸಾಲದು. ಮಾತಾಡಿದ ಮೀನುಗಾರರ ಕೈಗೆ ಕನ್ನಡದಲ್ಲೋ ಮಲಯಾಳದಲ್ಲೋ ಎರಡು ಪುಟ ತಲುಪಬೇಕು. ಬ್ಯಾರಿಯಲ್ಲಿ ಹತ್ತು ನಿಮಿಷದ ಆಡಿಯೋ ಮಾಡಿ ಕಳಿಸಿದರೂ ಆದೀತು.

ಕೊನೆಯದಾಗಿ ಕಾಲ. ಮಳೆಗಾಲದಲ್ಲಿ ಹೊಳೆಯ ಕೆಲಸ ನಿಂತು ಹೋಗುತ್ತದೆ. ಕಡಲಾಮೆಗಳು ಈ ದಂಡೆಗೆ ಬರುವುದು ಸುಮಾರು ನವೆಂಬರಿನಿಂದ ಮಾರ್ಚ್ ತನಕ. ಕಾಲೇಜಿನ ಪ್ರಾಜೆಕ್ಟ್ ಸೆಮಿಸ್ಟರ್ ಇದಕ್ಕೆ ಹೊಂದುತ್ತದಾ ಎಂದು ಮೊದಲೇ ನೋಡಿ, ಬೇಕಾದ ತಿಂಗಳಿಗಿಂತ ಆರು ತಿಂಗಳು ಮೊದಲು ಪತ್ರ ಬರೆದರೆ ಒಳ್ಳೆಯದು. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಬೇಕು.