ಬೋನು ಹಟ್ಟಿಯ ಬದಿಗಿರಲಿ

ಮೇ ಕೊನೆಗೆ ಒಂದೆರಡು ಮಳೆ ಬಿದ್ದು, ಮತ್ತೆ ಎರಡು ದಿನ ಬಿಸಿಲು ಕಾದರೆ ಸಾಕು, ಉಡುಪಿ ಸೀಮೆಯಲ್ಲಿ ನೊಣದ ಕಾಲ ಶುರುವಾಗುತ್ತದೆ. ಹಲಸಿನ ಹಣ್ಣು ಮರದ ಬುಡದಲ್ಲೇ ಒಡೆದು ಬಿದ್ದಿರುತ್ತದೆ. ಕಾರ್ಕಳದ ಗುಡ್ಡೆಗಳಲ್ಲಿ ಬೀಜ ತಿರುಪಿ ಎಸೆದ ಗೇರುಹಣ್ಣು ಕೊಳೆಯುತ್ತಿರುತ್ತದೆ. ಬೇಸಿಗೆಯುದ್ದಕ್ಕೂ ಒಣಗಿ ಗಟ್ಟಿಯಾಗಿದ್ದ ಹಟ್ಟಿಗೊಬ್ಬರ ಒಮ್ಮೆಲೇ ನೆನೆದು ಮೆತ್ತಗಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮಲ್ಪೆ, ಕಾಪು ಕಡೆಯ ಮನೆಗಳಲ್ಲಿ ಮಳೆಗಾಲದ ಒಣಮೀನನ್ನು ಅದಕ್ಕೆ ಮೊದಲೇ ಒಣಗಿಸಿ ಕಟ್ಟಿಡಬೇಕು. ಒಂದು ದಿನ ಮೋಡ ಕವಿದು ಮೀನು ಅರೆಬರೆ ಒಣಗಿತೋ, ಹಸಿರು–ನೀಲಿ ಮಿಂಚಿನ ದೊಡ್ಡ ನೊಣಗಳು ಮುತ್ತಿಕೊಳ್ಳುತ್ತವೆ.

ಇಂಥ ದಿನಗಳಲ್ಲಿ ನಾವು ಮನೆಯೊಳಗೆ ಯುದ್ಧ ಹೂಡುತ್ತೇವೆ. ಬ್ಯಾಟು, ಅಂಟುಹಾಳೆ, ಸ್ಪ್ರೇ, ನೆಲಕ್ಕೆ ಫಿನಾಯಿಲ್. ಹೊಡೆದಷ್ಟೂ ನೊಣ ಬರುತ್ತಲೇ ಇರುತ್ತದೆ, ಏಕೆಂದರೆ ಅದು ಹುಟ್ಟುವುದು ಮನೆಯೊಳಗಲ್ಲ. ಮಸ್ಕ ಡೊಮೆಸ್ಟಿಕಾ ಎಂಬ ನಮ್ಮ ಮನೆನೊಣ ಒಳಗೆ ಬರುವುದು ಊಟಕ್ಕೆ ಮಾತ್ರ. ಅದರ ಸಂಸಾರವೆಲ್ಲ ಹೊರಗೆ, ತೇವವಿರುವ ಸಗಣಿ, ಕೋಳಿಹಿಕ್ಕೆ, ಅಡುಗೆಮನೆಯ ಹಸಿಕಸದ ರಾಶಿಯಲ್ಲಿ. ಹೆಣ್ಣುನೊಣ ಒಂದು ಸಲಕ್ಕೆ 75ರಿಂದ 150 ಮೊಟ್ಟೆ ಇಡುತ್ತದೆ, ಬದುಕಿರುವಷ್ಟು ದಿನಗಳಲ್ಲಿ 500ರವರೆಗೂ ಇಡಬಲ್ಲದು. ಕರಾವಳಿಯ ಸೆಕೆಯಲ್ಲಿ ಒಂದು ದಿನದೊಳಗೆ ಮೊಟ್ಟೆ ಒಡೆದು ಬಿಳಿ ಹುಳು ಹೊರಬರುತ್ತದೆ. ನಾಲ್ಕೈದು ದಿನ ತಿಂದು ಕೊಬ್ಬಿದ ಹುಳು ಪಕ್ಕದ ಒಣಮಣ್ಣಿಗೆ ಸರಿದು ಕಂದುಬಣ್ಣದ ಗೂಡಾಗುತ್ತದೆ. ಮೊಟ್ಟೆಯಿಟ್ಟು ಹತ್ತು ದಿನ ಕಳೆಯುವಷ್ಟರಲ್ಲಿ ರೆಕ್ಕೆ ಬಲಿತ ನೊಣ ಹಾರುತ್ತದೆ. ಒಂದೆರಡು ಕಿಲೋಮೀಟರ್ ಹೋಗುವ ಶಕ್ತಿ ಅದಕ್ಕಿದೆ. ಆದರೆ ಹತ್ತಿರದಲ್ಲೇ ತಿನ್ನಲು ಸಿಕ್ಕರೆ ದೂರ ಹೋಗುವ ಗೋಜು ಅದಕ್ಕೆ ಬೇಡ. ಹಾಗಾಗಿ ನಮ್ಮ ಅನ್ನದ ತಟ್ಟೆಯ ಮೇಲೆ ಕೂತ ನೊಣ ಬಹುಪಾಲು ನಮ್ಮ ಹಿತ್ತಲಿನದೇ, ಇಲ್ಲವೇ ಪಕ್ಕದ ಮನೆಯದು.

ಅದಕ್ಕೆ ಹಲ್ಲಿಲ್ಲ. ಗಟ್ಟಿ ಪದಾರ್ಥದ ಮೇಲೆ ಕೂತರೆ ಹೊಟ್ಟೆಯಿಂದ ರಸ ಕಕ್ಕಿ, ಕರಗಿಸಿ, ಹೀರುತ್ತದೆ. ಕೂತಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಸಗಣಿ, ಮಲ ತುಳಿದು ಬಂದ ಕಾಲಿನ ರೋಮಗಳಲ್ಲಿ ರೋಗಾಣು ಅಂಟಿರುತ್ತದೆ. ಟೈಫಾಯ್ಡ್, ಕಾಲರಾ, ರಕ್ತಭೇದಿಯ ರೋಗಾಣುಗಳು ಹೀಗೆ ಪಯಣಿಸುತ್ತವೆ.

ಹೊರಗೆ ಬೋನಿಟ್ಟು ನೊಣ ಹಿಡಿದರೆ ಕಾಯಿಲೆ ನಿಜಕ್ಕೂ ಇಳಿಯುತ್ತದೆಯೇ? ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಇಸ್ರೇಲಿನ ಸೇನೆಯ ಎರಡು ಶಿಬಿರಗಳಲ್ಲಿ 1988 ಮತ್ತು 1989ರ ಬೇಸಿಗೆಯಲ್ಲಿ, ಒಮ್ಮೆ ಒಂದು ಶಿಬಿರದಲ್ಲಿ ಆಮಿಷದ ಬೋನುಗಳನ್ನು ಹೇರಳವಾಗಿ ಇಟ್ಟು, ಇನ್ನೊಂದನ್ನು ಹಾಗೇ ಬಿಟ್ಟು, ನಂತರ ಅದಲುಬದಲು ಮಾಡಿದರು. ಬೋನಿದ್ದ ಕಡೆ ನೊಣಗಳ ಎಣಿಕೆ 64 ಶೇಕಡಾ ಕಡಿಮೆಯಾಯಿತು, ಭೇದಿಗಾಗಿ ಚಿಕಿತ್ಸೆಗೆ ಬಂದವರು 42 ಶೇಕಡಾ ಇಳಿದರು, ಶಿಗೆಲ್ಲಾ ಎಂಬ ರೋಗಾಣುವಿನ ಭೇದಿಯಂತೂ 85 ಶೇಕಡಾ ಕಡಿಮೆಯಾಯಿತು. 1991ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಇದನ್ನು ಪ್ರಕಟಿಸಿತು. ಚಿಕ್ಕ ಮಕ್ಕಳಿರುವ ಮನೆಗೆ ಈ ಅಂಕಿಗಳು ತುಂಬ ದೊಡ್ಡವು.

ಬೋನಿನ ಗುಟ್ಟು ನೊಣದ ಒಂದೇ ಅಭ್ಯಾಸದಲ್ಲಿದೆ. ತಿಂದಾದ ಮೇಲೆ ಅದು ಮೇಲಕ್ಕೆ, ಬೆಳಕಿದ್ದ ಕಡೆಗೆ ಏಳುತ್ತದೆ. ಬಲೆಯ ಶಂಕುವಿನ ಕೆಳಗೆ ಆಮಿಷವಿಟ್ಟರೆ, ಅಡಿಯಿಂದ ನುಸುಳಿ ತಿಂದ ನೊಣ ಶಂಕುವಿನ ಒಳಮೈ ಹಿಡಿದು ಹತ್ತಿ, ತುದಿಯ ಸಣ್ಣ ತೂತಿನಿಂದ ಮೇಲಿನ ಬೆಳಕಿನ ಕೋಣೆಗೆ ಹೋಗುತ್ತದೆ. ವಾಪಸು ಬರಲು ಕತ್ತಲಿನ ಕಡೆಗೆ ಇಳಿಯಬೇಕು, ಅದು ಅದಕ್ಕೆ ಹೊಳೆಯುವುದಿಲ್ಲ. ಅಮೆರಿಕದ ವೂಸ್ಟರಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಕ್ಲಿಫ್ಟನ್ ಹಾಜ್ 1910ರ ಸುಮಾರಿಗೆ ಇಂಥ ಬೋನನ್ನು ಕಸದ ಡಬ್ಬಿಯ ಮುಚ್ಚಳಕ್ಕೇ ಕೂರಿಸಿದರು. ನೊಣ ಅಡುಗೆಮನೆಗೆ ಬಂದ ಮೇಲೆ ಹೊಡೆಯುವುದಲ್ಲ, ಮೊಟ್ಟೆಯಿಡುವ ಮೊದಲೇ ಅಂಗಳದಲ್ಲಿ ಹಿಡಿಯಬೇಕು ಎಂಬುದು ಅವರ ಹಟ. ನೂರು ವರ್ಷ ದಾಟಿದರೂ ಆ ಮಾತು ಸರಿಯೆಂದೇ ನನಗನಿಸುತ್ತದೆ.

ಮನೆಯಲ್ಲೇ ಮಾಡಿಕೊಳ್ಳಲು 2 ಲೀಟರಿನ ಖಾಲಿ ಬಾಟಲಿ ಸಾಕು. ಹೆಗಲಿನ ಭಾಗದಲ್ಲಿ ಕೊಯ್ದು, ಮುಚ್ಚಳ ತೆಗೆದ ಮೇಲುಭಾಗವನ್ನು ತಲೆಕೆಳಗಾಗಿ ಒಳಗೆ ಇಳಿಸಿ ಅಂಚಿಗೆ ಟೇಪು ಸುತ್ತಿ. ತಳದಲ್ಲಿ ಮೂರು ಬೆರಳಿನಷ್ಟು ಆಮಿಷದ ನೀರಿರಲಿ. ವಾಸನೆ ಹಿಡಿದು ಬಾಯಿಂದ ಇಳಿದ ನೊಣ ಮತ್ತೆ ಏಳುವಾಗ ಬಾಟಲಿಯ ಗೋಡೆಯುದ್ದಕ್ಕೆ ಹತ್ತುತ್ತದೆಯೇ ಹೊರತು ನಡುವಿನ ತೂತನ್ನು ಹುಡುಕುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದರೆ ನೀರಿಗೆ ಬಿದ್ದದ್ದು ತೇಲದೆ ಮುಳುಗುತ್ತದೆ. ನಮ್ಮಲ್ಲಿ ಮಳೆಯದೇ ದೊಡ್ಡ ತೊಂದರೆ, ಒಂದೇ ರಾತ್ರಿಗೆ ಬಾಟಲಿ ತುಂಬಿ ಆಮಿಷವೆಲ್ಲ ಹೊರಚೆಲ್ಲುತ್ತದೆ. ಒಂದು ಅಡಿಕೆ ಹಾಳೆಯನ್ನು ಬಾಟಲಿಯ ಬಾಯಿಗಿಂತ ನಾಲ್ಕು ಬೆರಳು ಎತ್ತರದಲ್ಲಿ ಮಾಡಿನಂತೆ ಕಟ್ಟಿ. ನೊಣಕ್ಕೆ ದಾರಿ ಇರುತ್ತದೆ, ಮಳೆಗೆ ಇರುವುದಿಲ್ಲ.

ಆಮಿಷಕ್ಕೆ ಎಲ್ಲರೂ ಮೊದಲು ನೆನೆಯುವುದು ಬೆಲ್ಲ. ದಯವಿಟ್ಟು ಬೇಡ. ಬೆಲ್ಲದ ನೀರಿಗೆ ನೊಣಕ್ಕಿಂತ ಮೊದಲು ಬರುವುದು ತುಡುವೆ ಜೇನು, ಮುಜಂಟಿ. ಪೆಟ್ಟಿಗೆಯಲ್ಲಿ ಜೇನು ಸಾಕಿ ತೋಟಕ್ಕೆ ಫಲ ಕಾಣುತ್ತಿರುವ ಮನೆಗಳು ಕಾರ್ಕಳದ ಕಡೆ ಎಷ್ಟೋ ಇವೆ. ಅಂಥ ಕಡೆ ಸಿಹಿಯ ಬೋನಿಡುವುದೆಂದರೆ ನಮ್ಮ ಮಿತ್ರರನ್ನೇ ಕರೆದು ಮುಳುಗಿಸಿದಂತೆ. ಕೊಳೆತ ಮೀನಿಗೆ ಜೇನು ಬರುವುದಿಲ್ಲ, ನೊಣ ಓಡೋಡಿ ಬರುತ್ತದೆ. ಎರಡು ಬೂತಾಯಿ ತಲೆ, ಮೀನು ತೊಳೆದ ನೀರು ಹಾಕಿ ಎರಡು ಮೂರು ದಿನ ಹುಳಿಯಲು ಬಿಡಿ. ಹೊಸ ಬೋನಿಗೆ ಮೊದಲ ದಿನ ನೊಣ ಬೀಳದಿದ್ದರೆ ಕೆಟ್ಟಿದೆಯೆಂದು ಎಸೆಯಬಾರದು, ವಾಸನೆ ಬಲಿತ ಮೇಲೆಯೇ ಅದರ ಕೆಲಸ. ಮೀನು ತಾರದ ಮನೆಯವರು ಒಡೆದ ಹಾಲಿಗೆ ಬ್ರೆಡ್ಡಿನ ಯೀಸ್ಟ್ ಬೆರೆಸಿ ಹುಳಿಸಬಹುದು.

ಇನ್ನು ಎಲ್ಲಿಡಬೇಕು ಎಂಬುದು. ಹೆಚ್ಚಿನವರು ಇಲ್ಲೇ ಸೋಲುವುದು. ನೊಣ ಒಳಗೆ ಬರುತ್ತದೆಂದು ಬಾಗಿಲ ಪಕ್ಕದಲ್ಲೋ ಅಡುಗೆಮನೆಯ ಕಿಟಕಿಯ ಕೆಳಗೋ ಬೋನು ತೂಗುಹಾಕಿದರೆ, ಹಿತ್ತಲಿನಲ್ಲೇ ಉಳಿಯಬಹುದಾಗಿದ್ದ ನೊಣವನ್ನೂ ನಾವೇ ಬಾಗಿಲಿಗೆ ಕರೆದಂತಾಗುತ್ತದೆ. ಬೋನು ಮನೆಯಿಂದ ಕನಿಷ್ಠ 20–25 ಅಡಿ ಆಚೆ, ನೊಣ ಹುಟ್ಟುವ ಜಾಗಕ್ಕೂ ಮನೆಗೂ ನಡುವೆ, ಆದಷ್ಟು ಹುಟ್ಟುವ ಜಾಗಕ್ಕೆ ಹತ್ತಿರ ಇರಬೇಕು. ಹಟ್ಟಿಯಿದ್ದರೆ ಹಟ್ಟಿಯ ಬದಿಗೆ, ಗೊಬ್ಬರದ ಗುಂಡಿಯಿದ್ದರೆ ಅದರ ಅಂಚಿಗೆ. ಬೆಳಗಿನ ಬಿಸಿಲು ತಾಗುವ, ಗಾಳಿ ಜೋರಾಗಿ ಹೊಡೆಯದ ಜಾಗ ಒಳ್ಳೆಯದು. ನಾಯಿಗೆ, ದನಕ್ಕೆ ಎಟುಕಬಾರದು. ಪಕ್ಕದ ಮನೆಯ ಅಡುಗೆಕೋಣೆಯ ಎದುರೂ ಇರಬಾರದು, ವಾಸನೆಯ ಜಗಳ ನೊಣದ ಕಾಟಕ್ಕಿಂತ ದೀರ್ಘಕಾಲ ಉಳಿಯುತ್ತದೆ.

ಕಡಲತೀರದವರು ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಪುವಿನಲ್ಲಿ ಹಗಲು ಗಾಳಿ ಬೀಸುವುದು ಪಡುವಣ ಕಡಲಿನಿಂದ, ನೊಣ ಚುರುಕಾಗಿರುವುದೂ ಹಗಲಲ್ಲೇ. ವಾಸನೆ ಗಾಳಿಯ ಜೊತೆ ಮೂಡಣಕ್ಕೆ ಹೋಗುತ್ತದೆ, ನೊಣ ಅದರ ಜಾಡು ಹಿಡಿದು ಗಾಳಿಗೆ ಎದುರಾಗಿ ಬರುತ್ತದೆ. ಹಾಗಾಗಿ ಮನೆಯ ಮೂಡು ಬದಿಯಲ್ಲಿ ಹಟ್ಟಿಯಿದ್ದರೆ, ಮನೆ ಮತ್ತು ಹಟ್ಟಿಯ ನಡುವಿನ ಬೋನು ಚೆನ್ನಾಗಿ ಹಿಡಿಯುತ್ತದೆ, ದುರ್ವಾಸನೆಯೂ ಮನೆಗೆ ಬರುವುದಿಲ್ಲ. ಅದೇ ನೊಣದ ಮೂಲ ಪಡುವಣದಲ್ಲಿ, ಮೀನು ಒಣಗಿಸುವ ದಂಡೆಯಲ್ಲಿದ್ದರೆ, ಮನೆಯ ಹತ್ತಿರದ ಬೋನಿನ ವಾಸನೆ ಅಲ್ಲಿಗೆ ತಲುಪುವುದೇ ಇಲ್ಲ. ಅಂಥ ಕಡೆ ಕೆಲಸ ದಂಡೆಯಲ್ಲೇ ಆಗಬೇಕು: ಮೀನಿಗೆ ಉಪ್ಪು ಸಾಕಷ್ಟು ಹಿಡಿಸುವುದು, ಮರಳಿನ ಮೇಲೆ ಹರಡುವ ಬದಲು ಎತ್ತರದ ತಟ್ಟಿಯ ಮೇಲೆ ಹರವಿ ಬಲೆ ಹೊದಿಸುವುದು, ಕರುಳು–ಕಿವಿರುಗಳನ್ನು ಅಲ್ಲೇ ಬಿಡದೆ ಆಳವಾಗಿ ಹೂಳುವುದು.

ಮಣಿಪಾಲದಂಥ ಊರಿನಲ್ಲಿ ಹಟ್ಟಿಯಿಲ್ಲ, ಆದರೆ ಹಾಸ್ಟೆಲುಗಳು, ಮೆಸ್ಸುಗಳು, ಫ್ಲ್ಯಾಟುಗಳು ಒತ್ತೊತ್ತಾಗಿವೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬೋನು ಕಟ್ಟಬೇಡಿ. ಕೆಳಗೆ ಕಸದ ಡ್ರಮ್ಮುಗಳನ್ನು ಸಾಲಾಗಿ ಇಡುವ ಮೂಲೆಯಲ್ಲಿ, ಎಲ್ಲರೂ ಒಪ್ಪಿ ಒಂದೆರಡು ಇಟ್ಟರೆ ಇಡೀ ಕಟ್ಟಡಕ್ಕೆ ಉಪಕಾರ. ಡ್ರಮ್ಮಿನ ಮುಚ್ಚಳ ಸರಿಯಾಗಿ ಕೂರುವಂತೆ ನೋಡಿಕೊಂಡರೆ ಅರ್ಧ ಕೆಲಸ ಬೋನಿಲ್ಲದೆಯೇ ಮುಗಿದೀತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬೋನನ್ನು ತಿಂಗಳುಗಟ್ಟಲೆ ಮರೆತುಬಿಟ್ಟರೆ ಅದೇ ನೊಣದ ತೊಟ್ಟಿಲಾಗುತ್ತದೆ. ಸಿಕ್ಕಿಬಿದ್ದ ಹೆಣ್ಣುಗಳು ಸಾಯುವ ಮೊದಲು ತೇಲುವ ಮೀನಿನ ಚೂರಿನ ಮೇಲೆ, ಸತ್ತ ನೊಣಗಳ ರಾಶಿಯ ಮೇಲೆ ಮೊಟ್ಟೆಯಿಡುತ್ತವೆ. ಹುಳುಗಳು ಗೋಡೆ ಹತ್ತಿ ಹೊರಬಿದ್ದು ಕೆಳಗಿನ ಮಣ್ಣಿನಲ್ಲಿ ಗೂಡು ಕಟ್ಟುತ್ತವೆ. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಐದು ದಿನಕ್ಕೊಮ್ಮೆ, ಕುದಿನೀರು ಸುರಿದು ಎಲ್ಲವನ್ನೂ ಕೊಂದು ಒಂದಡಿಗಿಂತ ಆಳಕ್ಕೆ ಹೂಳಿ, ಹೊಸ ಆಮಿಷ ಹಾಕಿ. ಹಳೆಯ ನೀರಿನ ಒಂದು ಲೋಟವನ್ನು ಹೊಸದಕ್ಕೆ ಬೆರೆಸಿದರೆ ವಾಸನೆ ಬೇಗ ಏಳುತ್ತದೆ.

ಈ ಬೋನಿಗೆ ಎಲ್ಲ ನೊಣವೂ ಬೀಳುವುದಿಲ್ಲ. ಹಟ್ಟಿಯಲ್ಲಿ ದನದ ಕಾಲು ಕಚ್ಚುವ ನೊಣಕ್ಕೆ ಬೇಕಾದದ್ದು ರಕ್ತ, ಮೀನಿನ ವಾಸನೆಗೆ ಅದು ತಿರುಗಿಯೂ ನೋಡದು. ಮಾವಿನ ಹಣ್ಣಿನೊಳಗೆ ಹುಳು ಬಿಡುವುದು ಬೇರೆಯೇ ನೊಣ. ಅದರ ಗಂಡುಗಳನ್ನು ಮೀಥೈಲ್ ಯೂಜಿನಾಲ್ ಎಂಬ ದ್ರವ್ಯ ಸೆಳೆಯುತ್ತದೆ. ಬಿಹಾರದ ಪೂಸಾದಲ್ಲಿ ಕೀಟಶಾಸ್ತ್ರಜ್ಞ ಹೌಲೆಟ್ 1912ರಲ್ಲಿ ಸಿಟ್ರೊನೆಲ್ಲಾ ಎಣ್ಣೆಗೆ ಈ ನೊಣಗಳು ಬರುವುದನ್ನು ಬರೆದಿಟ್ಟರು, ಮೂರು ವರ್ಷದ ಬಳಿಕ ಎಣ್ಣೆಯೊಳಗಿನ ಆ ದ್ರವ್ಯವನ್ನೇ ಗುರುತಿಸಿದರು. ಇಂದು ತೋಟಗಳಲ್ಲಿ ತೂಗುವ ಹಣ್ಣುನೊಣದ ಬಲೆಗಳ ಮೂಲ ಅಲ್ಲಿದೆ. ಅದನ್ನು ತಂದು ಅಡುಗೆಮನೆಯ ಹಿಂದೆ ಕಟ್ಟಿದರೆ ಮನೆನೊಣ ಬೀಳುವುದಿಲ್ಲ. ನೀಲಿ ದೀಪದ ವಿದ್ಯುತ್ ಯಂತ್ರವೂ ಅಂಗಳಕ್ಕೆ ಹೇಳಿದ್ದಲ್ಲ. ಅಮೆರಿಕದ ಡೆಲವೇರಿನಲ್ಲಿ ಮನೆಯಂಗಳದ ಇಂಥ ದೀಪಗಳಿಗೆ ಬಿದ್ದ 13,789 ಕೀಟಗಳನ್ನು ಎಣಿಸಿದಾಗ ಮನುಷ್ಯರನ್ನು ಕಚ್ಚುವ ಸೊಳ್ಳೆ, ಸಣ್ಣ ನೊಣ ಸೇರಿ ಇದ್ದದ್ದು 31. ಮಿಕ್ಕವುಗಳಲ್ಲಿ ಹೆಚ್ಚಿನವು ಯಾರಿಗೂ ತೊಂದರೆ ಕೊಡದ ಪಾಪದ ಜೀವಗಳು.

ವಿಷದ ಹರಳು ಎರಚುವುದು ನನಗೆ ಒಪ್ಪಿಗೆಯಿಲ್ಲ. ಮನೆನೊಣ ವಿಷಕ್ಕೆ ಒಗ್ಗಿಕೊಳ್ಳುವುದರಲ್ಲಿ ಬಹಳ ಚುರುಕು, ಡಿಡಿಟಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1946ರಲ್ಲೇ, ಸ್ವೀಡನ್ನಿನಲ್ಲಿ ಅದಕ್ಕೆ ಜಗ್ಗದ ನೊಣಗಳು ಕಂಡವು. ನಮ್ಮ ಅಂಗಳದ ಊರಕೋಳಿಯಾದರೋ ಗೊಬ್ಬರ ಕೆದರಿ ನೊಣದ ಹುಳುವನ್ನೇ ಹೆಕ್ಕಿ ತಿನ್ನುತ್ತದೆ. ಹರಳು ತಿಂದು ಸಾಯುವುದು ಅದು.

ಬೋನು ಹಿಡಿಯುವುದು ಹುಟ್ಟಿದ ನೊಣವನ್ನು. ಹುಟ್ಟದಂತೆ ಮಾಡುವ ಕೆಲಸ ಹಸಿಕಸದ ಬಳಿ ನಡೆಯಬೇಕು. ನಮ್ಮ ಜಿಲ್ಲೆಯಲ್ಲಿ ಒಣಕಸಕ್ಕೆ ಒಂದು ದಾರಿ ಮೂಡುತ್ತಿದೆ, ಕಾರ್ಕಳ ತಾಲೂಕಿನ ನಿಟ್ಟೆಯ ಘಟಕ ಸುತ್ತಲಿನ ಪಂಚಾಯಿತಿಗಳ ಒಣಕಸವನ್ನು ವಿಂಗಡಿಸುತ್ತಿದೆ. ಹಸಿಕಸ ಮಾತ್ರ ಹಳ್ಳಿಮನೆಗಳಲ್ಲಿ ಹಿತ್ತಲಿನಲ್ಲೇ ಕರಗಬೇಕು. ಪ್ರತಿದಿನ ಹಾಕಿದ ಹಸಿಕಸದ ಮೇಲೆ ಅದು ಕಾಣದಷ್ಟು ಒಣ ಪದಾರ್ಥ ಮುಚ್ಚಿ. ಅಕ್ಕಿಗಿರಣಿಯ ಉಮಿ, ತೆಂಗಿನ ನಾರಿನ ಪುಡಿ, ತರಗೆಲೆ, ಏನಾದರೂ ಆದೀತು. ಮೇಲುಪದರ ಒಣಗಿದ್ದರೆ ಮೊಟ್ಟೆ ಬದುಕುವುದಿಲ್ಲ. ಹಟ್ಟಿಗೊಬ್ಬರದ ರಾಶಿಯೊಳಗೆ ಕಾವು 50 ಡಿಗ್ರಿ ದಾಟುವುದರಿಂದ ಹುಳು ಅಲ್ಲಿ ಉಳಿಯಲಾರದು, ತಂಪಾದ ಹೊರಪದರದಲ್ಲೇ ಅದರ ಬಿಡಾರ. ಟಾರ್ಪಾಲು ಬಿಗಿಯಾಗಿ ಹೊದಿಸಿದರೆ ಆ ಪದರವೂ ಕಾಯುತ್ತದೆ, ಮಳೆನೀರೂ ಇಳಿಯುವುದಿಲ್ಲ. ಸಮಾರಂಭದ ಎಂಜಲೆಲೆಗಳನ್ನು ತೋಟದ ಮೂಲೆಗೆ ಸುರಿಯುವ ರೂಢಿಯನ್ನಂತೂ ನಾವು ಬಿಡಲೇಬೇಕು.

ಗೊಬ್ಬರದ ಡ್ರಮ್ಮಿನಲ್ಲಿ ಚಪ್ಪಟೆಯಾದ, ಬೂದು–ಕಂದು ಬಣ್ಣದ, ಒರಟು ಮೈಯ ದೊಡ್ಡ ಹುಳುಗಳು ಕಂಡರೆ ಹೆದರಿ ಸುಣ್ಣ ಸುರಿಯಬೇಡಿ. ಅವು ಕಪ್ಪು ಸೈನಿಕ ನೊಣದ ಮರಿಗಳು. ಹಸಿಕಸವನ್ನು ಬೇಗ ಬೇಗ ತಿಂದು ಮುಗಿಸುತ್ತವೆ, ಅವು ತುಂಬಿರುವಲ್ಲಿ ಮನೆನೊಣ ಮೊಟ್ಟೆಯಿಡಲು ಹಿಂಜರಿಯುತ್ತದೆ. ದೊಡ್ಡದಾಗಿ ರೆಕ್ಕೆ ಬಂದ ಮೇಲೂ ಅವಕ್ಕೆ ನಮ್ಮ ಊಟದ ಆಸೆಯಿಲ್ಲ.

ಬೋನು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದರಲ್ಲಿ ಬಿದ್ದ ರಾಶಿಯನ್ನು ನೋಡಿ ಹಿಗ್ಗುವುದು ಸಾಲದು. ರಾಶಿ ದೊಡ್ಡದಿದ್ದರೆ ಹುಟ್ಟುವ ಜಾಗವೂ ಅಷ್ಟೇ ದೊಡ್ಡದಿದೆಯೆಂದು ಅರ್ಥ. 1947ರಲ್ಲಿ ಸ್ಕಡ್ಡರ್ ಎಂಬವರು ಸರಳವಾದ ಅಳತೆಯೊಂದನ್ನು ಕೊಟ್ಟರು: ಮರದ ಪಟ್ಟಿಗಳನ್ನು ಸ್ವಲ್ಪ ಸ್ವಲ್ಪ ಅಂತರ ಬಿಟ್ಟು ಜೋಡಿಸಿದ ಒಂದು ಚೌಕಟ್ಟನ್ನು ನೊಣ ಮುತ್ತುವ ಕಡೆ ಇಟ್ಟು, ಅರ್ಧ ನಿಮಿಷದಲ್ಲಿ ಅದರ ಮೇಲೆ ಎಷ್ಟು ಕೂರುತ್ತವೆಂದು ಎಣಿಸುವುದು. ಆರೋಗ್ಯ ಇಲಾಖೆಗಳವರು ಬಳಸುವ ಈ ಕ್ರಮವನ್ನು ಹೈಸ್ಕೂಲಿನ ಮಕ್ಕಳೂ ಮಾಡಬಲ್ಲರು. ಬೋನಿಡುವ ಮೊದಲು ಒಮ್ಮೆ, ಎರಡು ವಾರದ ಬಳಿಕ ಇನ್ನೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಎಣಿಸಿ. ಸಂಖ್ಯೆ ಇಳಿದಿರದಿದ್ದರೆ ಇನ್ನೊಂದು ಬೋನು ತರುವ ಮೊದಲು ಒಂದು ಕೋಲು ಹಿಡಿದು ಹೊರಡಿ. ಬೈಪಣೆಯ ಕೆಳಗೆ, ಗೊಬ್ಬರದ ರಾಶಿಯ ಅಂಚಿನಲ್ಲಿ, ಬಚ್ಚಲ ನೀರು ನಿಲ್ಲುವಲ್ಲಿ, ಕೋಳಿಗೂಡಿನ ಅಡಿಯಲ್ಲಿ ಎರಡಂಗುಲ ಕೆದಕಿ ನೋಡಿ. ಸಣ್ಣ ಬಿಳಿ ಹುಳು ಎಲ್ಲಿ ಮಿಲಿಮಿಲಿ ಎನ್ನುತ್ತದೋ ಅಲ್ಲಿನ ತೇವವನ್ನು ಮೊದಲು ಒಣಗಿಸಿ, ಬೋನನ್ನೂ ಅಲ್ಲಿಗೇ ಸರಿಸಿ.