ಕೆನಡಿ ಬಯಸಿದ, ಪೆಂಟಗನ್ ಬೇಡವೆಂದ ಚಿತ್ರ

ಅಮೆರಿಕದ ಅಧ್ಯಕ್ಷನನ್ನು ಅವನ ಸೇನಾ ದಂಡನಾಯಕರೇ ಕೆಳಗಿಳಿಸಲು ಸಂಚು ಹೂಡುತ್ತಾರೆ. ಇಂಥ ಕಥೆಯನ್ನು ಸಿನಿಮಾ ಮಾಡಿ ಎಂದು ಹುರಿದುಂಬಿಸಿದವರು ಆಗ ಅಧಿಕಾರದಲ್ಲಿದ್ದ ಅಧ್ಯಕ್ಷ ಜಾನ್ ಎಫ್. ಕೆನಡಿ! 1964ರಲ್ಲಿ ತೆರೆಕಂಡ ‘ಸೆವೆನ್ ಡೇಸ್ ಇನ್ ಮೇ’ ಚಿತ್ರದ ಹಿಂದಿನ ಕಥೆಯಿದು.

ಬೀಜ ಬಿದ್ದದ್ದು 1961ರಲ್ಲಿ. ಕ್ಯೂಬಾದ ಬೇ ಆಫ್ ಪಿಗ್ಸ್ ಮೇಲೆ ಅಮೆರಿಕ ಬೆಂಬಲಿಸಿದ ದಾಳಿ ನೆಲಕಚ್ಚಿತ್ತು. ಜರ್ಮನಿಯಲ್ಲಿದ್ದ ಜನರಲ್ ಎಡ್ವಿನ್ ವಾಕರ್, ತನ್ನ ಸೈನಿಕರಿಗೆ ಬಲಪಂಥೀಯ ರಾಜಕೀಯ ಬೋಧಿಸಿದ ಆರೋಪದಲ್ಲಿ ಹುದ್ದೆ ಕಳೆದುಕೊಂಡು, ಕಡೆಗೆ ಸೇನೆಯನ್ನೇ ಬಿಟ್ಟಿದ್ದ. ವಾಷಿಂಗ್ಟನ್ನಿನ ಪತ್ರಕರ್ತ ಫ್ಲೆಚರ್ ನೆಬೆಲ್ ವಾಯುಪಡೆಯ ಮುಖ್ಯಸ್ಥ ಕರ್ಟಿಸ್ ಲಮೇಯನ್ನು ಸಂದರ್ಶಿಸಲು ಹೋದಾಗ, ಕ್ಯೂಬಾ ವಿಷಯದಲ್ಲಿ ಅಧ್ಯಕ್ಷರು ಹೇಡಿತನ ತೋರಿದರೆಂದು ಆತ ಖಾಸಗಿಯಾಗಿ ಜರೆದ. ಆ ಮಾತು ನೆಬೆಲ್ ಮನಸ್ಸಿನಲ್ಲಿ ಕಾದಂಬರಿಯಾಗಿ ಬೆಳೆಯಿತು. ಸಹೋದ್ಯೋಗಿ ಚಾರ್ಲ್ಸ್ ಬೈಲಿ ಜೊತೆಗೂಡಿ ಬರೆದ ಪುಸ್ತಕ 1962ರಲ್ಲಿ ಹೊರಬಂತು.

ಕೆನಡಿ ಅದನ್ನು ಓದಿದರು. ನಿಮ್ಮ ಕಾಲದಲ್ಲಿ ಹೀಗಾದೀತೇ ಎಂದು ಗೆಳೆಯ ಪಾಲ್ ಫೇ ಕೇಳಿದಾಗ ಅವರು ನಕ್ಕು ತಳ್ಳಿಹಾಕಲಿಲ್ಲ. ಯುವ ಅಧ್ಯಕ್ಷನೊಬ್ಬ ಬೇ ಆಫ್ ಪಿಗ್ಸ್‌ನಂಥ ಸೋಲನ್ನು ಮತ್ತೆ ಮತ್ತೆ ಕಂಡರೆ ಆಗಬಹುದು, ಆದರೆ ನನ್ನ ಅವಧಿಯಲ್ಲಿ ಆಗದು ಎಂದರಂತೆ. ವಾಷಿಂಗ್ಟನ್ನಿನ ಔತಣಕೂಟವೊಂದರಲ್ಲಿ ಸಿಕ್ಕ ನಟ ಕರ್ಕ್ ಡಗ್ಲಸ್‌ಗೆ, ಇದು ಯಾಕೆ ಒಳ್ಳೆಯ ಸಿನಿಮಾ ಆಗಬಲ್ಲದು ಎಂದು ಇಪ್ಪತ್ತು ನಿಮಿಷ ವಿವರಿಸಿದ್ದರು. ಡಗ್ಲಸ್ ಇದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ.

ನಿರ್ದೇಶನ ಜಾನ್ ಫ್ರಾಂಕನ್‌ಹೈಮರ್, ಚಿತ್ರಕಥೆ ರಾಡ್ ಸರ್ಲಿಂಗ್. ಪೆಂಟಗನ್‌ನಿಂದ ಸಹಕಾರ ದೊರೆಯಲಿಲ್ಲ. ವೈಟ್ ಹೌಸ್ ಮಾತ್ರ ಕೈ ಚಾಚಿತು: ಅದರ ಗೇಟಿನ ಮುಂದೆ ಪ್ರತಿಭಟನಕಾರರ ಹೊಡೆದಾಟ ಚಿತ್ರಿಸುವಾಗ ಕೆನಡಿ ಹೈಯಾನಿಸ್ ಪೋರ್ಟಿನ ಮನೆಗೆ ಹೋಗಿ ಅನುಕೂಲ ಮಾಡಿಕೊಟ್ಟರು. ಪೆಂಟಗನ್ ದೃಶ್ಯವನ್ನು ಕದ್ದೇ ತೆಗೆಯಬೇಕಾಯಿತು. ವಾಹನದಲ್ಲಿ ಕ್ಯಾಮೆರಾ ಅಡಗಿಸಿಟ್ಟು, ಕರ್ನಲ್ ಸಮವಸ್ತ್ರದಲ್ಲಿ ಡಗ್ಲಸ್‌ರನ್ನು ಬಾಗಿಲಿನತ್ತ ನಡೆಸಿದರು. ಕಾವಲುಗಾರರು ನಿಜವಾದ ಅಧಿಕಾರಿಯೆಂದೇ ತಿಳಿದು ಸೆಲ್ಯೂಟ್ ಹೊಡೆದರು!

ಸಂಚಿನ ಮುಂದಾಳು ಜನರಲ್ ಸ್ಕಾಟ್ ಎಂಬ ತೂಕದ ಪಾತ್ರವನ್ನು ಡಗ್ಲಸ್ ಬರ್ಟ್ ಲ್ಯಾಂಕಾಸ್ಟರ್‌ಗೆ ಬಿಟ್ಟುಕೊಟ್ಟು, ತಾವು ಕರ್ನಲ್ ಕೇಸಿ ಆದರು. ನನಗೆ ಈ ಚಿತ್ರ ದೊಡ್ಡದೆನಿಸುವುದು ಆ ಕೇಸಿಯಿಂದ. ರಷ್ಯಾದೊಂದಿಗೆ ಅಧ್ಯಕ್ಷ ಲೈಮನ್ ಮಾಡಿಕೊಂಡ ಅಣ್ವಸ್ತ್ರ ಒಪ್ಪಂದ ಅವನಿಗೂ ಹಿಡಿಸಿಲ್ಲ. ಸ್ಕಾಟ್ ಮೇಲೆ ಅವನಿಗೆ ಅಪಾರ ಗೌರವ. ಆದರೂ ದಂಡನಾಯಕರ ನಡುವೆ ಕುದುರೆ ರೇಸಿನ ಬಾಜಿಯ ನೆಪದಲ್ಲಿ ಓಡಾಡುವ ಸಂದೇಶಗಳ ಗುಟ್ಟು ಹೊಳೆಯುತ್ತಲೇ, ತಾನು ಒಪ್ಪದ ಅಧ್ಯಕ್ಷನ ಬಳಿಗೇ ಹೋಗುತ್ತಾನೆ. ನೀತಿಯ ಬಗ್ಗೆ ಜಗಳವಿರಲಿ, ತೀರ್ಮಾನಿಸುವ ಹಕ್ಕು ಜನ ಆರಿಸಿದವನದು ಎಂಬ ನಿಲುವು ಅವನದು.

ಲೈಮನ್ ಕೂಡ ಅಷ್ಟೇ. ಸ್ಕಾಟ್‌ನ ಪ್ರೇಮಪತ್ರಗಳು ಅವನ ಕೈಯಲ್ಲಿವೆ. ಒಂದು ಬೆದರಿಕೆ ಸಾಕು, ಸಂಚು ಮುಗಿಯುತ್ತದೆ. ಅವನು ಅವನ್ನು ಬಳಸುವುದಿಲ್ಲ. ಅಧಿಕಾರ ಬೇಕಿದ್ದರೆ ಚುನಾವಣೆಗೆ ನಿಲ್ಲು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾನೆ. ಲೈಮನ್ ಪಾತ್ರದ ಫ್ರೆಡ್ರಿಕ್ ಮಾರ್ಚ್ ಮತ್ತು ಲ್ಯಾಂಕಾಸ್ಟರ್ ಎದುರುಬದುರಾಗುವ ಈ ಮುಖಾಮುಖಿಯಲ್ಲಿ ಗುಂಡು ಹಾರುವುದಿಲ್ಲ, ಟ್ಯಾಂಕು ಬರುವುದಿಲ್ಲ. ಇಬ್ಬರು ಮನುಷ್ಯರು, ಒಂದು ಕೋಣೆ, ಮಾತು. ಕಪ್ಪುಬಿಳುಪಿನ ಈ ದೃಶ್ಯದ ಬಿಗಿಯನ್ನು ಆಮೇಲಿನ ಎಷ್ಟೋ ಅಬ್ಬರದ ಥ್ರಿಲ್ಲರ್‌ಗಳು ಮುಟ್ಟಿಲ್ಲ.

ಚಿತ್ರೀಕರಣ ನಡೆದ 1963ರ ಬೇಸಿಗೆಯಲ್ಲೇ, ಆಗಸ್ಟ್ 5ರಂದು, ಮಾಸ್ಕೋದಲ್ಲಿ ನಿಜವಾದ ಅಣ್ವಸ್ತ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾಯಿತು. ಚಿತ್ರ ಬಿಡುಗಡೆಯಾದದ್ದು ಮರು ಫೆಬ್ರುವರಿಯಲ್ಲಿ. ಸೆನೆಟರ್ ಪಾತ್ರಕ್ಕೆ ಎಡ್ಮಂಡ್ ಒಬ್ರಿಯನ್ ಗೋಲ್ಡನ್ ಗ್ಲೋಬ್ ಪಡೆದರು, ಆಸ್ಕರ್‌ಗೂ ನಾಮನಿರ್ದೇಶನಗೊಂಡರು. ನನ್ನನ್ನು ಕೇಳಿದರೆ, ಅದಕ್ಕೂ ದೊಡ್ಡ ಮನ್ನಣೆ ಸಲ್ಲಬೇಕಿದ್ದದ್ದು ಫ್ರೆಡ್ರಿಕ್ ಮಾರ್ಚ್‌ಗೆ.