ಪುಕ್ಕಟೆ ವಿಮಾನಯಾನ: ಅದರ ಬೆಲೆ ತೆರುವವರು ಯಾರು?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮಲ್ಲಿ ಮನೆಮಾತಾಗಿರುವ ನಾಣ್ಣುಡಿ. ಕೋಶ ಓದುವುದಕ್ಕೆ ವ್ಯವಧಾನವಿದ್ದರೆ ಸಾಕು. ದೇಶ ಸುತ್ತುವುದಕ್ಕೆ ದ್ರವ್ಯವೂ ಬೇಕು. ಇತ್ತೀಚಿನ ವರ್ಷಗಳಲ್ಲಿ ಅಮೆರಿಕೆಯಲ್ಲಿ ನೆಲೆಸಿರುವ ಮಕ್ಕಳು ಊರಿನಲ್ಲಿರುವ ತಂದೆತಾಯಿಗಳನ್ನು ಕರೆಸಿಕೊಳ್ಳುವಾಗ, "ಟಿಕೆಟಿಗೆ ರೊಕ್ಕ ಕೊಟ್ಟಿಲ್ಲಪ್ಪಾ, ಎಲ್ಲ ಪಾಯಿಂಟಿನ ಮೇಲೆ ಬಂತು" ಎಂದು ಹೇಳುವುದು ಸಾಮಾನ್ಯವಾಗಿದೆ. ಕೇಳಿದ ಹಿರಿಯರಿಗೆ ಸಂತೋಷವೂ ಆಗುತ್ತದೆ, ಸಂಶಯವೂ ಮೂಡುತ್ತದೆ. ಯಾರೂ ಹಣ ಕೊಡದೆ ವಿಮಾನ ಹಾರುವುದು ಹೇಗೆ? ಈ ಪ್ರಶ್ನೆಯನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೈಲಿಗಳ ಹುಟ್ಟು

ಅಮೆರಿಕೆಯ ಸರ್ಕಾರ 1978ರವರೆಗೆ ವಿಮಾನ ಸಂಸ್ಥೆಗಳ ದರಗಳನ್ನೂ ಮಾರ್ಗಗಳನ್ನೂ ತಾನೇ ನಿಯಂತ್ರಿಸುತ್ತಿತ್ತು. ಆ ವರ್ಷ ಜಾರಿಗೆ ಬಂದ ಶಾಸನ ಈ ಕಟ್ಟನ್ನು ಸಡಿಲಿಸಿತು. ಸ್ಪರ್ಧೆ ಏರ್ಪಟ್ಟಿತು, ದರಗಳು ಇಳಿದವು, ಪ್ರಯಾಣಿಕರು ಇಂದು ಒಂದು ಸಂಸ್ಥೆ, ನಾಳೆ ಇನ್ನೊಂದು ಎಂದು ಬದಲಾಯಿಸತೊಡಗಿದರು. ಅವರನ್ನು ಹಿಡಿದಿಟ್ಟುಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ 1ರಂದು 'ಆಡ್ವಾಂಟೇಜ್' ಎಂಬ ಯೋಜನೆಯನ್ನು ಆರಂಭಿಸಿತು. ಹಾರಿದಷ್ಟು ಮೈಲಿಗಳನ್ನು ಪ್ರಯಾಣಿಕನ ಖಾತೆಗೆ ಜಮೆ ಮಾಡುವುದು, ಅವು ಸಾಕಷ್ಟಾದಾಗ ಒಂದು ಟಿಕೆಟನ್ನು ಉಚಿತವಾಗಿ ಕೊಡುವುದು ಇದರ ತಿರುಳು. ಅದೇ ತಿಂಗಳಲ್ಲಿ ಯುನೈಟೆಡ್ ಸಂಸ್ಥೆಯೂ ಅದೇ ದಾರಿಯನ್ನು ಹಿಡಿಯಿತು. ಹೇಗೂ ಖಾಲಿಯಾಗಿ ಹಾರುವ ಆಸನವನ್ನು ಬಹುಮಾನವಾಗಿ ಕೊಟ್ಟರೆ ನಷ್ಟ ಅತ್ಯಲ್ಪ; ಸಿಗುವ ನಿಷ್ಠೆ ಮಾತ್ರ ಅಪಾರ.

1987ರಲ್ಲಿ ಸಿಟಿ ಬ್ಯಾಂಕು ಅಮೆರಿಕನ್ ಏರ್‌ಲೈನ್ಸ್ ಜೊತೆಗೂಡಿ ಒಂದು ಕ್ರೆಡಿಟ್ ಕಾರ್ಡನ್ನು ಹೊರತಂದಿತು. ಅಂಗಡಿಯಲ್ಲಿ ಅಕ್ಕಿ ಬೇಳೆ ಕೊಂಡರೂ ಮೈಲಿ ಬರುವಂತಾಯಿತು. ವಿಮಾನ ಹತ್ತದೆಯೇ ಮೈಲಿ ಗಳಿಸುವ ಕಾಲ ಹೀಗೆ ಬಂದಿತು.

ಚತುರರ ಸಾಹಸಗಳು

ಇಂಥ ಯೋಜನೆಗಳಲ್ಲಿನ ಸಂದುಗಳನ್ನು ಹುಡುಕುವ ಚತುರರು ಅಮೆರಿಕೆಯಲ್ಲಿ ಹೇರಳವಾಗಿದ್ದಾರೆ. 1999ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಕ್ಯಾಲಿಫೋರ್ನಿಯಾದ ಇಂಜಿನಿಯರ್ ಪ್ರಸಿದ್ಧರಾದದ್ದು ಪಾಯಸದಂಥ ಒಂದು ಸಿಹಿತಿನಿಸಿನಿಂದ. ಆಹಾರ ಪದಾರ್ಥಗಳ ಒಂದು ಕಂಪನಿ ತನ್ನ ಡಬ್ಬಿಗಳ ಮೇಲಿನ ಪಟ್ಟಿ ಗುರುತುಗಳನ್ನು ಕಳುಹಿಸಿದವರಿಗೆ ವಿಮಾನದ ಮೈಲಿಗಳನ್ನು ಕೊಡುವುದಾಗಿ ಸಾರಿತ್ತು. ಕಾಲು ಡಾಲರಿಗೊಂದರಂತೆ ಪುಡ್ಡಿಂಗಿನ ಬಟ್ಟಲುಗಳು ಸಿಗುತ್ತಿದ್ದುದನ್ನು ಕಂಡ ಫಿಲಿಪ್ಸ್ 12,150 ಬಟ್ಟಲುಗಳನ್ನು ಕೊಂಡರು. ಖರ್ಚಾದದ್ದು ಸುಮಾರು 3,140 ಡಾಲರು. ದೊರೆತದ್ದು ಹನ್ನೆರಡೂವರೆ ಲಕ್ಷ ಮೈಲಿಗಳು. ಅಷ್ಟು ಸಿಹಿಯನ್ನು ತಿನ್ನುವವರು ಯಾರು? ಒಂದು ಸೇವಾಸಂಸ್ಥೆಗೆ ಅದನ್ನು ದಾನವಾಗಿ ಕೊಟ್ಟರು. ಅಲ್ಲಿಯ ಸ್ವಯಂಸೇವಕರೇ ಪಟ್ಟಿಗಳನ್ನು ಕಿತ್ತುಕೊಟ್ಟರು.

ಇನ್ನೊಂದು ಪ್ರಸಂಗದಲ್ಲಿ ಸಿಕ್ಕಿಬಿದ್ದದ್ದು ಸರ್ಕಾರದ ಟಂಕಸಾಲೆ. ಒಂದು ಡಾಲರಿನ ನಾಣ್ಯಗಳು ಜನರಲ್ಲಿ ಚಲಾವಣೆಗೆ ಬರಲೆಂದು ಅಮೆರಿಕೆಯ ಟಂಕಸಾಲೆಯು ಅವನ್ನು ಮುಖಬೆಲೆಗೆ, ಸಾಗಣೆ ವೆಚ್ಚವಿಲ್ಲದೆ ಮನೆಗೆ ಕಳುಹಿಸುತ್ತಿತ್ತು. ಕೆಲವರು ಕ್ರೆಡಿಟ್ ಕಾರ್ಡಿನಲ್ಲಿ ಸಾವಿರಾರು ನಾಣ್ಯಗಳನ್ನು ತರಿಸಿ, ನೇರವಾಗಿ ಬ್ಯಾಂಕಿಗೆ ಕಟ್ಟಿ, ಅದೇ ಹಣದಿಂದ ಕಾರ್ಡಿನ ಬಾಕಿಯನ್ನು ತೀರಿಸಿದರು. ಕೈಯಿಂದ ಒಂದು ಕಾಸೂ ಹೋಗಲಿಲ್ಲ. ಮೈಲಿಗಳು ಮಾತ್ರ ಉಳಿದವು. ಇದನ್ನರಿತ ಟಂಕಸಾಲೆಯು 2011ರಲ್ಲಿ ಈ ನಾಣ್ಯಗಳಿಗೆ ಕಾರ್ಡಿನಿಂದ ಹಣ ಪಡೆಯುವುದನ್ನು ನಿಲ್ಲಿಸಿತು.

ಇಂದಿನ ಮಾರ್ಗ ಇಷ್ಟು ವಿಚಿತ್ರವಾದುದಲ್ಲ. ಹೊಸ ಕಾರ್ಡು ಪಡೆದವರು ಮೊದಲ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದರೆ ಬ್ಯಾಂಕು ದೊಡ್ಡ ಮೊತ್ತದ ಅಂಕಗಳನ್ನು ಕೊಡುತ್ತದೆ. 2016ರಲ್ಲಿ ಚೇಸ್ ಬ್ಯಾಂಕಿನ ಒಂದು ಕಾರ್ಡು ಒಂದು ಲಕ್ಷ ಅಂಕಗಳನ್ನು ಘೋಷಿಸಿದಾಗ ಜನ ಮುಗಿಬಿದ್ದರು. ಅಂಕಗಳನ್ನು ವಿಮಾನ ಸಂಸ್ಥೆಗೆ ವರ್ಗಾಯಿಸಬಹುದು. ಆ ಸಂಸ್ಥೆಯ ಮಿತ್ರಕೂಟದಲ್ಲಿರುವ ಬೇರೆ ಸಂಸ್ಥೆಯ ವಿಮಾನದಲ್ಲಿಯೂ ಹಾರಬಹುದು. 2014ರಲ್ಲಿ ಏರ್ ಇಂಡಿಯಾ ಸ್ಟಾರ್ ಅಲೈಯನ್ಸ್ ಕೂಟವನ್ನು ಸೇರಿದ ಮೇಲೆ ಯುನೈಟೆಡ್ ಮೈಲಿಗಳುಳ್ಳವರಿಗೂ ಅದರ ಆಸನಗಳು ದೊರೆಯುವಂತಾದವು.

ಲೆಕ್ಕ ಹಾಕುವ ಬಗೆ

ಉಚಿತವೆಂಬ ಟಿಕೆಟೂ ಪೂರ್ತಿ ಉಚಿತವಲ್ಲ. ತೆರಿಗೆಗಳನ್ನು ಕಟ್ಟಲೇಬೇಕು, ಕೆಲವು ಸಂಸ್ಥೆಗಳು ಇಂಧನದ ಹೆಸರಿನಲ್ಲಿ ಭಾರಿ ಮೊತ್ತವನ್ನೂ ಸೇರಿಸುತ್ತವೆ. ಆದಕಾರಣ ಟಿಕೆಟಿನ ನಗದು ಬೆಲೆಯಿಂದ ಈ ಮೊತ್ತವನ್ನು ಕಳೆದು, ಉಳಿದುದನ್ನು ಮೈಲಿಗಳ ಸಂಖ್ಯೆಯಿಂದ ಭಾಗಿಸಬೇಕು. 1,200 ಡಾಲರಿನ ಟಿಕೆಟಿಗೆ 60,000 ಮೈಲಿಗಳೂ 150 ಡಾಲರ್ ತೆರಿಗೆಯೂ ಬೇಕೆಂದು ಇಟ್ಟುಕೊಳ್ಳೋಣ. 1,050 ಡಾಲರನ್ನು 60,000 ಮೈಲಿಗಳಿಂದ ಭಾಗಿಸಿದರೆ ಮೈಲಿಯೊಂದಕ್ಕೆ ಒಂದೂಮುಕ್ಕಾಲು ಸೆಂಟಿನ ಬೆಲೆ ಬಂತು. ಅದೇ ಟಿಕೆಟು ಬೇರೆ ದಿನ 600 ಡಾಲರಿಗೆ ಸಿಗುವುದಾದರೆ ಮೈಲಿಯ ಬೆಲೆ ಮುಕ್ಕಾಲು ಸೆಂಟಿಗೆ ಇಳಿಯಿತು. ಆಗ ನಗದು ಕೊಡುವುದೇ ಲೇಸು.

ಈ ಲೆಕ್ಕಕ್ಕಿಂತ ಮುಖ್ಯವಾದುದು ಬಡ್ಡಿಯ ಲೆಕ್ಕ. ನಮ್ಮ ದೇಶದಲ್ಲಿ ಬಾಕಿ ಉಳಿಸಿಕೊಂಡವರಿಂದ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯಷ್ಟು ಬಡ್ಡಿ ಪಡೆಯುವ ಕಾರ್ಡುಗಳು ಅನೇಕ. ಒಂದು ಲಕ್ಷ ರೂಪಾಯಿ ಬಾಕಿ ಉಳಿದರೆ ಬಡ್ಡಿ 3,500 ರೂಪಾಯಿ. ಅದರ ಮೇಲೆ ಶೇಕಡಾ 18ರ ತೆರಿಗೆ ಸೇರಿ 4,130 ರೂಪಾಯಿ. ಅದೇ ಲಕ್ಷದ ಖರ್ಚಿಗೆ ಸಾವಿರ ರೂಪಾಯಿ ಬೆಲೆಯ ಅಂಕಗಳು ಬಂದವೆನ್ನಿ: ಒಂದೇ ತಿಂಗಳಲ್ಲಿ ಅದರ ನಾಲ್ಕರಷ್ಟು ಕೈಬಿಟ್ಟಿತು. ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಪಾವತಿ' ಎಂಬುದನ್ನು ಮಾತ್ರ ಕಟ್ಟಿ ಸುಮ್ಮನಾಗುವವರಿಗೆ ಹೊಸ ಖರೀದಿಗಳ ಮೇಲೂ ಮೊದಲ ದಿನದಿಂದಲೇ ಬಡ್ಡಿ ಹತ್ತುತ್ತದೆ. ತಿಂಗಳ ಬಾಕಿಯನ್ನು ಪೂರ್ತಿ ತೀರಿಸಲಾಗದವರಿಗೆ ಮೈಲಿಗಳ ಮಾತು ಸಲ್ಲದು.

ಯಾರ ಗಂಟು?

ಬ್ಯಾಂಕು ಕೊಡುವ ಈ ಉಡುಗೊರೆಯ ಮೂಲ ಯಾವುದು? ಕಾರ್ಡಿನಿಂದ ವ್ಯಾಪಾರ ನಡೆದಾಗಲೆಲ್ಲ ವರ್ತಕನಿಗೆ ಸಲ್ಲಬೇಕಾದ ಹಣದಲ್ಲಿ ಒಂದು ಭಾಗ ಬ್ಯಾಂಕುಗಳ ಪಾಲಾಗುತ್ತದೆ. ಅಂಕಗಳು ಹುಟ್ಟುವುದು ಈ ಶುಲ್ಕದಿಂದ ಮತ್ತು ಬಾಕಿದಾರರ ಬಡ್ಡಿಯಿಂದ. ವರ್ತಕನಾದರೋ ಆ ಶುಲ್ಕವನ್ನು ಸರಕಿನ ಬೆಲೆಯಲ್ಲಿ ಸೇರಿಸುತ್ತಾನೆ. ನಗದು ಕೊಡುವ ಬಡವನೂ ಅದೇ ಬೆಲೆಯನ್ನೇ ತೆರುತ್ತಾನೆ. ಅಂಕ ಮಾತ್ರ ಅವನಿಗಿಲ್ಲ.

ಇದು ಬರಿಯ ತರ್ಕವಲ್ಲ. ಬಾಸ್ಟನ್ ನಗರದ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಈ ಲೆಕ್ಕವನ್ನು ಹಾಕಿದರು. ಅಮೆರಿಕೆಯಲ್ಲಿ ನಗದು ಬಳಸುವ ಕುಟುಂಬವೊಂದು ಸರಾಸರಿ ವರ್ಷಕ್ಕೆ 149 ಡಾಲರುಗಳನ್ನು ಕಾರ್ಡು ಬಳಸುವವರಿಗೆ ಕೊಡುತ್ತದೆ. ಕಾರ್ಡು ಬಳಸುವ ಕುಟುಂಬವೊಂದು 1,133 ಡಾಲರುಗಳನ್ನು ಪಡೆಯುತ್ತದೆ ಎಂಬುದು ಅವರ ನಿರ್ಣಯ. ಯುರೋಪಿನ ಒಕ್ಕೂಟವು 2015ರಲ್ಲಿ ಕ್ರೆಡಿಟ್ ಕಾರ್ಡುಗಳ ಈ ಶುಲ್ಕಕ್ಕೆ ಶೇಕಡಾ 0.3ರ ಮಿತಿಯನ್ನು ವಿಧಿಸಿತು. ಅಲ್ಲಿ ಅಮೆರಿಕೆಯಷ್ಟು ಉದಾರವಾದ ಬಹುಮಾನಗಳು ಇಲ್ಲದಿರುವುದಕ್ಕೆ ಇದು ಮುಖ್ಯ ಕಾರಣ.

ವಿಮಾನ ಸಂಸ್ಥೆಗಳೂ ನಷ್ಟ ಮಾಡಿಕೊಂಡಿಲ್ಲ. ಅವು ಮೈಲಿಗಳನ್ನು ಬ್ಯಾಂಕುಗಳಿಗೆ ಹಣಕ್ಕೆ ಮಾರುತ್ತವೆ. 2020ರಲ್ಲಿ ಕೊರೋನಾದಿಂದ ವಿಮಾನಗಳು ನೆಲಕ್ಕಿಳಿದಾಗ ಡೆಲ್ಟಾ ಸಂಸ್ಥೆ ತನ್ನ ಮೈಲಿ ಯೋಜನೆಯನ್ನೇ ಆಧಾರವಾಗಿಟ್ಟು 900 ಕೋಟಿ ಡಾಲರ್ ಸಾಲವನ್ನು ಎತ್ತಿತು. ಸಾಲಕ್ಕೆ ಅಡವಾಗಬಲ್ಲ ಆಸ್ತಿ ಪುಕ್ಕಟೆ ಹಂಚುವ ವಸ್ತುವಾಗಿರಲಾರದು.

ಮೈಲಿಗಳ ಬೆಲೆಯೂ ಸ್ಥಿರವಲ್ಲ. ಅದನ್ನು ನಿಗದಿಪಡಿಸುವವರು ಅವನ್ನು ಕೊಟ್ಟವರೇ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ಹಾರಿದ ದೂರಕ್ಕೆ ಬದಲಾಗಿ ಕೊಟ್ಟ ಹಣಕ್ಕೆ ತಕ್ಕಂತೆ ಮೈಲಿ ನೀಡತೊಡಗಿದವು. ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಸದಸ್ಯರ ಬಳಿ ಮೈಲಿಗಳಿದ್ದವು, ಹತ್ತಲು ಅದರ ವಿಮಾನವಿರಲಿಲ್ಲ.

ಗೃಹಸ್ಥರು ಗಮನಿಸಬೇಕಾದುದು

ಹಾಗಾದರೆ ಇದನ್ನು ಬಿಟ್ಟುಬಿಡಬೇಕೆ? ಹಾಗೇನೂ ಇಲ್ಲ. ದೂರದ ಮೊಮ್ಮಕ್ಕಳ ಮುಖ ನೋಡಲು ಇದರಿಂದ ಅನುಕೂಲವಾಗುವುದಾದರೆ ಬಳಸುವುದರಲ್ಲಿ ದೋಷವಿಲ್ಲ. ಆದರೆ ಮನೆಗೆ ಬೇಕಾದುದನ್ನು ಮಾತ್ರ ಕೊಳ್ಳಬೇಕು. ಅಂಕಕ್ಕಾಗಿ ಸರಕು ಕೊಂಡರೆ ಬಾಲಕ್ಕಾಗಿ ಎಮ್ಮೆ ಕೊಂಡಂತಾಗುತ್ತದೆ. ಬಾಕಿಯನ್ನು ಪ್ರತಿ ತಿಂಗಳೂ ಪೂರ್ತಿ ತೀರಿಸಬೇಕು. ವಾರ್ಷಿಕ ಶುಲ್ಕವನ್ನು ಲೆಕ್ಕಕ್ಕೆ ಸೇರಿಸಬೇಕು. ವಿದೇಶದಲ್ಲಿ ಕಾರ್ಡು ಬಳಸುವ ಮುನ್ನ ನಾಣ್ಯ ವಿನಿಮಯಕ್ಕೆ ವಿಧಿಸುವ ಹೆಚ್ಚುವರಿ ಶುಲ್ಕವನ್ನು ವಿಚಾರಿಸಬೇಕು. ಅಂಕಗಳನ್ನು ವಿಮಾನ ಸಂಸ್ಥೆಗೆ ಒಮ್ಮೆ ವರ್ಗಾಯಿಸಿದರೆ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲವಾದ್ದರಿಂದ, ಆಸನವಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ವರ್ಗಾಯಿಸಬೇಕು. ಅವನ್ನು ಕೂಡಿಡುವ ಬದಲು ಬೇಗ ಬಳಸುವುದು ಜಾಣತನ.

ಇವೆಲ್ಲಕ್ಕಿಂತ ಮಿಗಿಲಾಗಿ, ಈ ಪ್ರಯಾಣ ಪುಕ್ಕಟೆಯೆಂಬ ಮಾತನ್ನು ಮಕ್ಕಳ ಮುಂದೆ ಆಡದಿರುವುದು ಉಚಿತ. ಅದರ ಬೆಲೆಯಲ್ಲಿ ಸಾಲದಲ್ಲಿ ಸಿಲುಕಿದ ಯಾವನೋ ಗೃಹಸ್ಥನ ಬಡ್ಡಿಯಿದೆ, ನಗದು ಎಣಿಸಿಕೊಟ್ಟ ಯಾವಳೋ ಕೂಲಿಕಾರಳ ಪಾಲೂ ಇದೆ. ಅದನ್ನು ಅರಿತು, ಉಳಿದ ಹಣದಲ್ಲಿ ಸ್ವಲ್ಪವನ್ನಾದರೂ ಅಂಥವರ ಮಕ್ಕಳ ವಿದ್ಯೆಗೆ ವಿನಿಯೋಗಿಸಿದರೆ, ದೇಶ ಸುತ್ತಿದ್ದೂ ಸಾರ್ಥಕವಾದೀತು.